ನೀಲಿ ಕಾರಿನ ಎರಡನೇ ಕೀಲಿ

"ಕೀಲಿ ಕೊಡಿ ಮೇಡಂ," ಎಂದು ಇನ್‌ಸ್ಪೆಕ್ಟರ್ ಜ್ಞಾನೇಶ್ ಮೇಜಿನ ಮೇಲೆ ಅಂಗೈ ಚಾಚಿದರು.

ನಾನು ಕೊಡಲಿಲ್ಲ. ನನ್ನ ಕಾರಿಗೆ ಇರುವುದೇ ಒಂದು ಕೀಲಿ. ಎರಡನೆಯದು ಮೊದಲ ಮಾಲೀಕರ ಕೈಯಲ್ಲೇ ಕಳೆದುಹೋಯಿತೆಂದು ಮಾರಿದವನು ಮೂರು ವರ್ಷದ ಹಿಂದೆ ಹೇಳಿದ್ದ. ಇದ್ದೊಂದನ್ನೂ ಒಪ್ಪಿಸಿ, ಭದ್ರಾವತಿ ಠಾಣೆಯಿಂದ ತಲೆ ತಗ್ಗಿಸಿಕೊಂಡು ಬಸ್ಸು ಹತ್ತುವಷ್ಟು ಸಾಧು ಹೆಂಗಸು ನಾನಲ್ಲ.

"ನಾನು ಯಾರಿಗೂ ಗುದ್ದಿಲ್ಲ ಸಾರ್."

"ನಿಮ್ಮ ಕಾರು ಗುದ್ದಿದೆ. ನಂಬರ್ ನಿಮ್ದು, ಬಣ್ಣ ನಿಮ್ದು. ಜಾಗದಲ್ಲಿ ನೀಲಿ ಬಣ್ಣದ ಸೈಡ್ ಕನ್ನಡಿಯ ಚೂರು ಸಿಕ್ಕಿದೆ. ಹೊರಗೆ ನಿಂತಿರೋ ನಿಮ್ಮ ಕಾರಿನ ಎಡಗಡೆ ಕನ್ನಡಿಗೆ ಟೇಪ್ ಸುತ್ತಿದೆ. ಇನ್ನೇನು ಹೇಳ್ಬೇಕು ನಾನು?"

ನಿನ್ನೆ ಮಧ್ಯಾಹ್ನ ಹೊಳೆಹೊನ್ನೂರು ರಸ್ತೆಯಲ್ಲಿ ನೀಲಿ ಕಾರೊಂದು ಪುಟ್ಟಯ್ಯ ಎಂಬುವರ ಮೊಪೆಡ್ಡಿಗೆ ತಗುಲಿ, ನಿಲ್ಲದೆ ಓಡಿಹೋಗಿತ್ತು. ಪುಟ್ಟಯ್ಯನವರ ಕಾಲು ಮುರಿದಿತ್ತು. ಅವರ ಹೆಂಡತಿ ಸುವರ್ಣಮ್ಮ ಇದೇ ಕೋಣೆಯ ಬೆಂಚಿನ ಮೇಲೆ ಕೂತು ನನ್ನನ್ನು ಸುಡುವಂತೆ ನೋಡುತ್ತಿದ್ದರು.

"ಕನ್ನಡಿ ಒಡೆದಿದ್ದು ಶಿವಮೊಗ್ಗದ ಗಾಂಧಿ ಬಜಾರಲ್ಲಿ, ಆಟೋ ತಾಗಿ. ಹೊಸದು ಚೆನ್ನೈಯಿಂದ ಬರ್ಬೇಕು. ಈ ಕಾರಿಗೆ ಒಂದು ಸ್ಕ್ರೂ ಬೇಕಾದ್ರೂ ಚೆನ್ನೈಯಿಂದಾನೇ ಬರ್ಬೇಕು."

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಶಂಕರಘಟ್ಟದಲ್ಲಿ. ಯೂನಿವರ್ಸಿಟಿ ಗೇಟಿನ ಎದುರು ಕಾರಲ್ಲಿ ಕೂತು ಒಬ್ಬ ವರನನ್ನ ಗಮನಿಸ್ತಿದ್ದೆ."

"ನಿಮ್ಮನ್ನ ಯಾರಾದ್ರೂ ನೋಡಿದಾರಾ?"

"ನನ್ನನ್ನ ಯಾರಾದ್ರೂ ನೋಡಿಬಿಟ್ರೆ ನಾನು ಯಾವ ಸೀಮೆ ಡಿಟೆಕ್ಟಿವ್ ಸಾರ್?"

ಜ್ಞಾನೇಶ್ ನಗಲಿಲ್ಲ. ನಗುವಂಥ ಹೊತ್ತೂ ಅದಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬೋರ್ಡು ಹಾಕಿಕೊಂಡು, ಮದುವೆಗೆ ನಿಂತ ಗಂಡುಗಳ ಬಂಡವಾಳ ಬಯಲು ಮಾಡುವುದು ನನ್ನ ಕಸುಬು. ಗುದ್ದಿ ಓಡಿಹೋದವಳು ಎಂಬ ಹೆಸರು ಬಂದರೆ ಬೋರ್ಡೂ ಇಳಿಯುತ್ತದೆ, ಕಾರೂ ಹೋಗುತ್ತದೆ. ಜೈಲಿನ ಮಾತು ಆಮೇಲಿನದು.

ಆ ಕಾರೆಂದರೆ ನನಗೆ ಪ್ರಾಣ. ಎರಡು ಲೀಟರ್ ಟರ್ಬೊ ಇಂಜಿನ್ನಿನ ಹಳೇ ಜರ್ಮನ್ ಕಾರು ಅದು. ಇಂಥದ್ದನ್ನು ಕೊಂಡವರು ಭಾನುವಾರ ಒರೆಸಿ ಫೋಟೋ ತೆಗೆದು ಮತ್ತೆ ಶೆಡ್ಡಿಗೆ ಸೇರಿಸುತ್ತಾರೆ. ನಾನು ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಅದರಲ್ಲೇ ಹೋಗಿಬರುತ್ತೇನೆ. ಅಕ್ಕಿ ಮೂಟೆ ಹೇರಿದ್ದೇನೆ, ಗ್ಯಾಸ್ ಸಿಲಿಂಡರ್ ಹೇರಿದ್ದೇನೆ. ಹಂಪ್ ಬಂದಾಗಲೆಲ್ಲ ಕಾರಿನ ಹೊಟ್ಟೆ ಉಜ್ಜೀತೆಂದು ಓರೆಯಾಗಿ ದಾಟಿಸಿ, ಹಿಂದಿನವರಿಂದ ಬೈಸಿಕೊಂಡಿದ್ದೇನೆ. 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೆಳಿಗ್ಗೆ ಇಂಜಿನ್ ಗುಟುರು ಹಾಕಿದಾಗ ನನ್ನ ಎದೆ ಉಬ್ಬುವುದು ಅವರಿಗೇನು ಗೊತ್ತು?

"ಆ ಸಿಸಿಟಿವಿ ಇನ್ನೊಂದ್ಸಲ ಹಾಕಿ," ಎಂದೆ.

ಹೊಳೆಹೊನ್ನೂರು ರಸ್ತೆಯ ಗೊಬ್ಬರದ ಅಂಗಡಿಯೊಂದರ ಕ್ಯಾಮೆರಾ ಅದು. ಜ್ಞಾನೇಶರ ಫೋನಿನಲ್ಲಿ ನೀಲಿ ಕಾರು ಸರ್ರನೆ ಬಂತು, ಹೋಯಿತು. ಹಿಂದಿನ ನಂಬರ್ ಪ್ಲೇಟು ಸ್ಪಷ್ಟವಾಗಿತ್ತು.

"ಮಧ್ಯದಲ್ಲಿ ನಿಲ್ಲಿಸಿ. ಸ್ವಲ್ಪ ದೊಡ್ಡದು ಮಾಡಿ."

ನೋಡಿದೆ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದೆ. ಆಮೇಲೆ ಠಾಣೆಯೆಂಬುದನ್ನೂ ಮರೆತು ಜೋರಾಗಿ ನಕ್ಕೆ.

"ಏನಾಯ್ತು?" ಎಂದರು ಜ್ಞಾನೇಶ್.

"ಸಾರ್, ಈ ಕಾರಿನ ಚಕ್ರ ನೋಡಿ. ಕಪ್ಪು ಅಲಾಯ್ ವೀಲ್, ಹತ್ತು ಕಡ್ಡಿ. ಟೈರ್ ಬಳೆ ಥರ ತೆಳ್ಳಗಿದೆ. ಈಗ ಕಿಟಕಿಯಿಂದ ನನ್ನ ಕಾರು ನೋಡಿ."

ಅವರು ಎದ್ದು ನೋಡಿದರು. ಅಂಗಳದಲ್ಲಿ ನಿಂತ ನನ್ನ ಕಾರಿಗೆ ಬೆಳ್ಳಿ ಬಣ್ಣದ ಚಿಕ್ಕ ವೀಲುಗಳಿದ್ದವು. ಟೈರು ದಪ್ಪಗಿತ್ತು. ಕಂಪನಿಯಿಂದ ಬಂದ ದೊಡ್ಡ ವೀಲುಗಳು ನಮ್ಮ ರಸ್ತೆಯ ಗುಂಡಿಗಳಿಗೆ ಬಿದ್ದು ಒಂದರ ಹಿಂದೊಂದು ಬಿರುಕು ಬಿಟ್ಟಿದ್ದವು. ಸಾಕಪ್ಪಾ ಸಾಕು ಎಂದು ನಾನು ಹೋದ ವರ್ಷವೇ ನಾಲ್ಕನ್ನೂ ಬಿಚ್ಚಿಸಿ, ಇವನ್ನು ಹಾಕಿಸಿದ್ದೆ.

"ವೀಲ್ ಬದಲಾಯಿಸೋದು ದೊಡ್ಡ ಕೆಲಸವಾ ಮೇಡಂ? ಹಳೇದನ್ನೇ ಹಾಕ್ಕೊಂಡು ಹೋಗಿ, ಬಂದ್ಮೇಲೆ ತೆಗೆದಿರಬಹುದು."

"ಹಳೇವು ನಮ್ಮನೇಲೇ ಇದಾವೆ. ಬನ್ನಿ, ತೋರಿಸ್ತೀನಿ."

"ಜೀಪು ಬಂದೋಬಸ್ತಿಗೆ ಹೋಗಿದೆ."

"ನನ್ನ ಕಾರಿದೆಯಲ್ಲ. ನೀವು ಪಕ್ಕದಲ್ಲೇ ಕೂತ್ಕೊಳ್ಳಿ, ನಾನೆಲ್ಲಿ ಓಡಿಹೋಗ್ತೀನಿ?"

ಬೆಂಚಿನಿಂದ ಸುವರ್ಣಮ್ಮ ಎದ್ದು ಸೆರಗು ಬಿಗಿದರು. "ನಾನೂ ಬರ್ತೀನಿ ಸಾರ್. ನೀವಿಬ್ರೂ ದಾರೀಲಿ ಮಾತಾಡ್ಕೊಂಡು ಮುಚ್ಚಿಹಾಕಿದ್ರೆ ನಮ್ಮನೆಯವ್ರ ಕಾಲಿಗೆ ಯಾರು ಹೊಣೆ?"

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಹಿಂದಿನ ಬಾಗಿಲು ತೆಗೆದುಕೊಟ್ಟೆ.

ನ್ಯೂಟೌನಿನ ನಮ್ಮ ಮನೆಯ ಅಂಗಳದಲ್ಲಿ ಅಮ್ಮ ಸುಭದ್ರಮ್ಮ ಬಸಳೆ ಕೊಯ್ಯುತ್ತಿದ್ದಳು. ಪೊಲೀಸು ಡ್ರೆಸ್ ಕಂಡರೂ ಗಾಬರಿಯಾಗಲಿಲ್ಲ. "ಕಾಫಿ ಕುಡಿತೀರಾ?" ಎಂದಳು.

"ಅಮ್ಮಾ, ಹಳೇ ವೀಲ್ ಎಲ್ಲಿ, ಇವರಿಗೆ ತೋರಿಸು."

ಅಮ್ಮ ಕಾಲಬುಡಕ್ಕೆ ಕೈ ತೋರಿಸಿದಳು. ಚಪ್ಪರದ ನಾಲ್ಕೂ ಮೂಲೆಯಲ್ಲಿ ಒಂದೊಂದು ಕಪ್ಪು ವೀಲು ಅರ್ಧ ಮಣ್ಣಿನಲ್ಲಿ ಹೂತು ಮಲಗಿತ್ತು. ಒಂದೊಂದರ ಕಡ್ಡಿಗಳ ನಡುವಿನಿಂದಲೂ ಹೆಬ್ಬೆರಳು ದಪ್ಪದ ಬಸಳೆ ದಂಟು ಮೇಲೆದ್ದು, ಕಡ್ಡಿಗೆ ಸುತ್ತಿಕೊಂಡು, ಚಪ್ಪರದ ತುಂಬ ಹಬ್ಬಿತ್ತು. ದುಡ್ಡು ಕೊಟ್ಟ ಯಾವ ವಸ್ತುವನ್ನೂ ಗುಜರಿಗೆ ಹಾಕುವುದು ನಮ್ಮಮ್ಮನ ಜಾಯಮಾನವಲ್ಲ.

ಜ್ಞಾನೇಶ್ ಬಗ್ಗಿ ಒಂದು ವೀಲನ್ನು ಎತ್ತಲು ನೋಡಿದರು.

"ಏ, ಬಳ್ಳಿ ಕಿತ್ತೀರಾ, ನೋಡಿ ಮತ್ತೆ!" ಎಂದು ಅಮ್ಮ ಕುಡುಗೋಲು ಹಿಡಿದೇ ಗದರಿದಳು. "ಹೋದ ವರ್ಷ ನೆಟ್ಟಿದ್ದು. ನಮ್ಮ ಬೀದಿಯವ್ರೆಲ್ಲ ಇದೇ ಬಸಳೆ ಸಾರು ತಿಂದಿರೋದು, ಯಾರನ್ನ ಬೇಕಾದ್ರೂ ಕೇಳಿ."

ಸುವರ್ಣಮ್ಮ ಕೂತು ದಂಟನ್ನು ಮುಟ್ಟಿ ನೋಡಿದರು. ಹೊಲ ಮಾಡಿದ ಕೈ ಅದು. "ಹೌದು ಸಾರ್," ಎಂದರು, ಮನಸ್ಸಿಲ್ಲದ ಮನಸ್ಸಿನಿಂದ. "ಇದು ನಿನ್ನೆ ಮೊನ್ನೆ ಇಟ್ಟಿದ್ದಲ್ಲ. ಬಳ್ಳಿ ಕಡೀದೆ ಇದು ಹೊರಗೆ ಬರಲ್ಲ."

ನನ್ನ ವಿರುದ್ಧ ಸಾಕ್ಷಿ ಹೇಳಲು ಬಂದವರ ಬಾಯಿಂದಲೇ ನನ್ನ ಪರ ಮೊದಲ ಮಾತು ಬಂದಿತ್ತು. ಖುಷಿಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

"ಹಾಗಾದ್ರೆ ನಿನ್ನೆ ಓಡಿದ್ದು ಬೇರೆ ಕಾರು," ಎಂದರು ಜ್ಞಾನೇಶ್, ಕೈಯ ಮಣ್ಣು ಕೊಡವುತ್ತ. "ಅದೇ ಬಣ್ಣ, ಅದೇ ಮಾಡೆಲ್, ನಿಮ್ಮ ನಂಬರ್ ಹಾಕ್ಕೊಂಡು. ಅದನ್ನ ಈ ಜಿಲ್ಲೇಲಿ ಎಲ್ಲಿ ಅಂತ ಹುಡುಕೋದು?"

"ಹುಡುಕೋದು ಸುಲಭ ಸಾರ್. ಆ ಬಳೆಯಂಥ ಟೈರು ಇಲ್ಲಿ ಯಾವ ಅಂಗಡೀಲೂ ಇಟ್ಟಿರಲ್ಲ. ಬೇಕು ಅಂದ್ರೆ ಮೊದಲೇ ಹೇಳಿ ತರಿಸ್ಬೇಕು. ಎರಡು ವರ್ಷ ಆ ಪಾಡು ಪಟ್ಟೋಳು ನಾನು. ನಮ್ಮ ರಸ್ತೇಲಿ ಅವು ಎಷ್ಟು ದಿನ ಬಾಳ್ತವೆ ಅಂತಾನೂ ಗೊತ್ತು. ಆ ಕಾರು ಓಡ್ತಿದ್ರೆ, ಯಾರೋ ಟೈರ್ ತರಿಸಿರ್ಲೇಬೇಕು."

ಕಾರು ಹತ್ತುವಾಗ ಅಮ್ಮನೂ ಚಪ್ಪಲಿ ಮೆಟ್ಟಿ ಬಂದಳು. "ನಮ್ಮ ಕಾರಿನ ವಿಷಯ. ನಾನಿಲ್ದೆ ಹೇಗೆ?"

ಭದ್ರಾವತಿ ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಮುಂದೆ ಕಬ್ಬಿನ ಲಾರಿಯೊಂದು ತೆವಳುತ್ತಿತ್ತು. ಎದುರು ಖಾಲಿ ಇರುವುದನ್ನು ನೋಡಿಕೊಂಡು ಒಂದು ಗೇರ್ ಇಳಿಸಿ ಪೆಡಲ್ ಒತ್ತಿದೆ. ಟರ್ಬೊ ಉಸಿರೆಳೆದುಕೊಂಡಿತು. ಬೆನ್ನು ಸೀಟಿಗೆ ಅಂಟಿತು. ಲಾರಿ ಕನ್ನಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟಾಯಿತು. ಜ್ಞಾನೇಶ್ ಮೇಲಿನ ಹಿಡಿ ಹಿಡಿದುಕೊಂಡರು. ಹಿಂದಿನಿಂದ ಸುವರ್ಣಮ್ಮ "ಅಯ್ಯಪ್ಪಾ!" ಎಂದರು, ಆದರೆ ಆ ದನಿಯಲ್ಲಿ ಭಯ ಇರಲಿಲ್ಲ.

"ಈ ಕಾರಿಗೆ ತಗೊಂಡ ದಿನವೇ ದೃಷ್ಟಿಯಾಗಿದೆ," ಎಂದು ಅಮ್ಮ ತನ್ನ ಹಳೇ ರಾಗ ತೆಗೆದಳು. "ಅವತ್ತು ಕಾರು ಮಾರೋರ ಯಾರ್ಡಲ್ಲೇ ಪೂಜೆ ಮಾಡಿ, ವಿಭೂತಿ ಗಟ್ಟೀನ ನನ್ನ ಇಳಕಲ್ ಸೀರೆ ಚೂರಲ್ಲಿ ಕಟ್ಟಿ, ಮುಂದಿನ ಡಬ್ಬಿಯೊಳಗೆ ಇಟ್ಟಿದ್ದೆ ಸುವರ್ಣಮ್ಮ. ಫೋಟೋನೂ ತೆಗೆದ್ರು. ಪಾಲಿಶ್ ಮಾಡಿ ಸಂಜೆ ಕಳಿಸ್ತೀವಿ ಅಂದ್ರು. ಸಂಜೆ ಮನೆಗೆ ಬಂದಾಗ ನೋಡಿದ್ರೆ ವಿಭೂತಿ ಮಾಯ!"

"ತೊಳೆಯೋ ಹುಡುಗರು ಎಸೆದಿರ್ತಾರೆ ಅಮ್ಮ. ಮೂರು ವರ್ಷದಿಂದ ಹೇಳ್ತಿದ್ದೀನಿ."

"ವಿಭೂತಿ ಯಾರು ಎಸೀತಾರೆ ಮಾರಾಯ್ತಿ?"

ಶಿವಮೊಗ್ಗದಲ್ಲಿ ನಾನು ಯಾವಾಗಲೂ ಹೋಗುತ್ತಿದ್ದ ಟೈರ್ ಅಂಗಡಿ ಮಧುವಿನದು. ನನ್ನನ್ನು ಕಂಡವನೇ ನಗುತ್ತ ಎದ್ದು ಬಂದ.

"ಏನ್ ಮೇಡಂ, ಹೋದ ತಿಂಗಳು ತರಿಸಿದ ಟೈರು ಆಗ್ಲೇ ಸವೀತಾ? ಹತ್ತೊಂಬತ್ತು ಇಂಚಿಂದು?"

ಜ್ಞಾನೇಶರ ಹುಬ್ಬು ಮೇಲೇರಿತು.

"ನಾನೆಲ್ಲಿ ತರಿಸಿದೆ ಮಧು? ನನ್ನ ಕಾರಲ್ಲಿ ಈಗ ಇರೋದೇ ಹದಿನೇಳು ಇಂಚು. ಹೋಗಿ ನೋಡು."

ಮಧು ಹೊರಗೆ ಬಂದು ಚಕ್ರ ನೋಡಿ ತಲೆ ಕೆರೆದುಕೊಂಡ. "ಹೌದಲ್ಲ! ಮತ್ತೆ ನಿಮ್ಮ ಕಾರಿಗೆ ಅಂತಾನೇ ಹೇಳಿ ತಗೊಂಡು ಹೋದ್ರಲ್ಲ ಮೇಡಂ, ನಿಮಗೆ ಕಾರು ಕೊಡಿಸಿದೋರು. ಶಿವರಾಜಣ್ಣ."

ಜ್ಞಾನೇಶ್ ಫೋನ್ ತೆಗೆದು ಶಿವರಾಜನ ಯಾರ್ಡಿಗೆ ಇಬ್ಬರು ಪೇದೆಗಳನ್ನು ಕಳಿಸುವಂತೆ ಶಿವಮೊಗ್ಗದ ಠಾಣೆಗೆ ಹೇಳಿದರು. ಅವರಿಗಾಗಿ ಕಾಯುವಷ್ಟು ತಾಳ್ಮೆ ನನಗಿರಲಿಲ್ಲ.

ರಾಗಿಗುಡ್ಡದ ಬುಡದಲ್ಲಿ ಶಿವರಾಜನ ಹಳೇ ಕಾರುಗಳ ಯಾರ್ಡು. ಗೇಟಿನ ಹೊರಗೆ ಕಾರು ನಿಲ್ಲಿಸಿದೆ. "ಇನ್ನು ಇದು ನನ್ನ ಹತ್ರ ಇರ್ಲಿ," ಎಂದು ಜ್ಞಾನೇಶ್ ಕೀಲಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಪ್ರಕರಣ ಮುಗಿಯುವವರೆಗೆ ಕಾರು ಅವರದೇ ಎಂಬುದು ಅದರ ಅರ್ಥ. ಈ ಸಲ ನಾನು ತಕರಾರು ಮಾಡಲಿಲ್ಲ.

ಶಿವರಾಜ ಹಣೆತುಂಬ ವಿಭೂತಿ ಬಳಿದುಕೊಂಡು, ಕೈಮುಗಿದೇ ಎದುರಾದ. ಮೂರು ವರ್ಷದ ಹಿಂದೆಯೂ ಹಾಗೇ ಇದ್ದ. ಬೆಳಗಿನ ಲಿಂಗಪೂಜೆ ಆಗದೆ ಒಂದು ಕಾರನ್ನೂ ಮಾರುವವನಲ್ಲ.

"ಬನ್ನಿ ಅಕ್ಕಾ. ಅಮ್ಮನೂ ಬಂದಿದೀರಿ. ಕಾರು ಹೇಗಿದೆ? ಬದಲಾಯಿಸೋ ಯೋಚನೆ ಏನಾದ್ರೂ..."

"ಕಾರು ಬಂಗಾರದ ಹಾಗಿದೆ ಶಿವರಾಜ. ಒಂದೇ ತೊಂದರೆ. ನಿನ್ನೆ ಅದು ಒಂದೇ ಹೊತ್ತಿಗೆ ಎರಡು ಕಡೆ ಇತ್ತಂತೆ."

"ಅಂದ್ರೆ?"

"ನಾನು ಶಂಕರಘಟ್ಟದಲ್ಲಿದ್ದೆ. ಕಾರು ಹೊಳೆಹೊನ್ನೂರು ರಸ್ತೇಲಿತ್ತು. ಇವರ ಯಜಮಾನರ ಕಾಲು ಮುರಿದು ಹಾಕ್ತು."

ಶಿವರಾಜ ಸುವರ್ಣಮ್ಮನ ಮುಖ ನೋಡಿ ಕಣ್ಣು ಬೇರೆಡೆ ತಿರುಗಿಸಿದ. "ಅಯ್ಯೋ ಪಾಪ. ನನಗೇನು ಗೊತ್ತು ಅಕ್ಕ? ನಾನು ನಿನ್ನೆ ಯಾರ್ಡ್ ಬಿಟ್ಟು ಹೋಗೇ ಇಲ್ಲ."

"ಟೈರ್ ಯಾರಿಗೆ ತರಿಸಿದ್ರಿ?" ಎಂದು ಜ್ಞಾನೇಶ್ ಬಾಯಿ ಹಾಕಿದರು.

"ಯಾವ ಟೈರು ಸಾರ್?"

"ಹತ್ತೊಂಬತ್ತು ಇಂಚಿಂದು."

"ಓ, ಅದಾ. ಅಕ್ಕನ ಕಾರಿಗೇ ಸಾರ್. ಪಾಪ, ಹಳೇ ಗಿರಾಕಿ, ಕಡಿಮೆ ರೇಟಲ್ಲಿ ಕೊಡಿಸೋಣ ಅಂತ ತರಿಸಿಟ್ಟಿದ್ದೆ. ಹೇಳೋದು ಮರೆತಿದ್ದೆ."

ಎಂಥ ಭಂಡ! ನನ್ನ ಕೋಪ ನೆತ್ತಿಗೇರಿತು, ಆದರೆ ಈ ಕಸುಬಿನಲ್ಲಿ ಕೋಪವನ್ನು ಸ್ವಲ್ಪ ಹೊತ್ತು ಬಾಯೊಳಗೇ ಇಟ್ಟುಕೊಳ್ಳಬೇಕು.

"ಒಳ್ಳೇದಾಯ್ತು. ಆ ಟೈರ್ ಈಗಲೇ ಕೊಡು, ಹಾಕಿಸ್ಕೊಂಡು ಹೋಗ್ತೀನಿ."

"ಅದು... ಇಲ್ಲಿಲ್ಲ ಅಕ್ಕ. ನಾಳೆ ಬನ್ನಿ."

"ಬೇಡ ಬಿಡು. ಹಾಕಿದ್ರೂ ಕೂರಲ್ಲ. ಆ ಅಳತೆ ವೀಲು ಬಿಚ್ಚಿಸಿ ಒಂದು ವರ್ಷ ಆಯ್ತು. ನಿನಗೆ ಗೊತ್ತಿಲ್ಲ ಪಾಪ. ಕಾರು ತಗೊಂಡಾದ ಮೇಲೆ ನಾನು ಈ ಕಡೆ ತಲೆ ಹಾಕಿದ್ದೇ ಇವತ್ತು. ಹಾಗಾದ್ರೆ ಆ ಟೈರು ಈಗ ಬೇರೆ ಯಾವುದೋ ನೀಲಿ ಕಾರಿಗೆ ಹತ್ತಿದೆ ಅಂತಾಯ್ತು. ಅದು ದೂರ ಹೋಗಿರಲ್ಲ. ಕನ್ನಡಿ ಒಡ್ಕೊಂಡು ಹಗಲು ಹೊತ್ತಲ್ಲಿ ಎಲ್ಲಿ ತಿರುಗೋಕಾಗುತ್ತೆ?"

ಯಾರ್ಡಿನ ಮೂಲೆಯಲ್ಲಿದ್ದ ತಗಡಿನ ಶೆಡ್ಡಿನ ಹೆಸರನ್ನು ನಾನು ಎತ್ತಿರಲಿಲ್ಲ. ಆ ಕಡೆ ನೋಡಿಯೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಿವರಾಜ ಆ ಶೆಡ್ಡಿನ ಬೀಗದ ಕಡೆ ಒಂದೇ ಒಂದು ಸಲ ನೋಡಿದ.

ಜ್ಞಾನೇಶರೂ ಅದನ್ನು ಕಂಡರು. "ಬೀಗ ತೆಗೀರಿ," ಎಂದರು.

"ಸಾರ್, ಅದರಲ್ಲಿ ಹಳೇ ಗುಜರಿ..."

"ತೆಗೀರಿ ಅಂದೆ."

ಬಾಗಿಲು ಕಿರ್ರೆಂದಿತು. ಒಳಗೆ ಟಾರ್ಪಾಲು ಹೊದ್ದು ಒಂದು ಕಾರು ನಿಂತಿತ್ತು. ನಾನೇ ಮುಂದೆ ಹೋಗಿ ಟಾರ್ಪಾಲನ್ನು ಹಿಡಿದೆಳೆದೆ.

ನೀಲಿ ಬಣ್ಣ. ನನ್ನ ನಂಬರು. ಕಪ್ಪು ಹತ್ತು ಕಡ್ಡಿಯ ವೀಲು, ಹೊಚ್ಚ ಹೊಸ ಟೈರು. ಎಡಗಡೆ ಕನ್ನಡಿಯ ಜಾಗದಲ್ಲಿ ಎರಡು ವಯರು ಜೋತಾಡುತ್ತಿದ್ದವು.

"ಸಿಕ್ತು!" ಎಂದು ಕೂಗಿದೆ. ಎದೆಯ ಮೇಲಿನ ಬಂಡೆ ಉರುಳಿಹೋದಂತಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಸುವರ್ಣಮ್ಮ ಶಿವರಾಜನ ಎದುರು ಹೋಗಿ ನಿಂತರು. ಬೈಯಲಿಲ್ಲ. "ಮನುಷ್ಯ ಬಿದ್ದಿದ್ದು ಕಂಡಿತ್ತಾ ನಿಂಗೆ?" ಎಂದಷ್ಟೇ ಕೇಳಿದರು.

ಶಿವರಾಜ ಮೆಲ್ಲಗೆ ನೆಲಕ್ಕೆ ಕುಸಿದು ಕೂತ. "ಕಂಡಿತ್ತು ಅಮ್ಮಾ. ನಾನೇ ಓಡಿಸ್ತಿದ್ದೆ. ನಿಲ್ಲಿಸೋ ಹಾಗಿರ್ಲಿಲ್ಲ."

"ಯಾಕಿರ್ಲಿಲ್ಲ?" ಎಂದರು ಜ್ಞಾನೇಶ್. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನಾನೇ ಓಡಿಸ್ತಿದ್ದೆ ಎಂದು ಅವನು ಒಪ್ಪಿಕೊಂಡಿದ್ದೇ ಸಾಕಿತ್ತು ನನಗೆ. ಜ್ಞಾನೇಶ್ ಜೇಬಿಗೆ ಕೈಹಾಕಿ ಕೀಲಿ ತೆಗೆದು, ನನ್ನ ಅಂಗೈಯಲ್ಲಿಟ್ಟರು. "ಕ್ಷಮಿಸಿ ಮೇಡಂ. ನಿಮ್ಮ ಕಾರು ನಿಮಗೆ."

ಸುವರ್ಣಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. "ಬೆಳಿಗ್ಗೆಯಿಂದ ನಿನಗೆ ಹಿಡಿಶಾಪ ಹಾಕಿದೀನಿ ಕಣವ್ವ."

"ಇರ್ಲಿ ಬಿಡಿ. ಪುಟ್ಟಯ್ಯನವ್ರು ಆಸ್ಪತ್ರೆಯಿಂದ ಬರೋ ದಿನ ಈ ಕಾರಲ್ಲೇ ಕರ್ಕೊಂಡು ಬರೋಣ. ಹಂಪ್ ಬಂದ್ರೆ ಓರೆಯಾಗಿ ದಾಟಿಸ್ತೀನಿ, ಕಾಲು ಅಲುಗಲ್ಲ."

ಅವರು ಮೊದಲ ಸಲ ನಕ್ಕರು. ಜಗತ್ತನ್ನೇ ಗೆದ್ದ ಹೆಮ್ಮೆಯಲ್ಲಿ ನಾನು ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಇನ್ನು ನಮ್ಮ ಬೀದಿಯವರು ಜುಟ್ಟು ಮಲ್ಲಿಗೆ ಎಂದೆಲ್ಲ ಆಡಿಕೊಳ್ಳಲಿ, ನೋಡೋಣ.

ಇಷ್ಟರಲ್ಲಿ ಅಮ್ಮ ಆ ಕಾರಿನ ಬಾಗಿಲು ತೆಗೆದು ಒಳಗೆ ಕೂತಾಗಿತ್ತು.

"ಅಮ್ಮಾ, ಏನೂ ಮುಟ್ಟಬೇಡಿ!" ಎಂದು ಜ್ಞಾನೇಶ್ ಓಡಿದರು.

ತಡವಾಗಿತ್ತು. ಅಮ್ಮ ಮುಂದಿನ ಡಬ್ಬಿಯ ಮುಚ್ಚಳ ತೆಗೆದು, ಒಳಗಿಂದ ಪುಟ್ಟ ಗಂಟೊಂದನ್ನು ಹೊರತೆಗೆದಿದ್ದಳು. ಅವಳ ಮುಖ ಹೊಳೆಯುತ್ತಿತ್ತು.

"ನೋಡೇ, ನೋಡು! ಮೂರು ವರ್ಷ ನನ್ನ ಮಾತು ನಂಬಿದ್ಯಾ ನೀನು? ನನ್ನ ಇಳಕಲ್ ಸೀರೆ ಚೂರು. ನಾನೇ ಹಾಕಿದ ಗಂಟು. ವಿಭೂತಿ ಯಾರೂ ಎಸೆಯಲ್ಲ ಅಂತ ಹೇಳ್ಲಿಲ್ವಾ?"

ಗಂಟು ಬಿಚ್ಚಿದಳು. ಒಳಗೆ ಬೆಳ್ಳಗೆ ವಿಭೂತಿ ಗಟ್ಟಿ.

ಗೆದ್ದ ಸಂಭ್ರಮದಲ್ಲಿದ್ದ ಅಮ್ಮನಿಗೆ ಅದರ ಅರ್ಥ ಹೊಳೆಯಲಿಲ್ಲ. ನನಗೆ ಹೊಳೆಯಿತು. ಅಮ್ಮ ಪೂಜೆ ಮಾಡಿದ್ದು ಈ ಕಾರಿಗೆ. ಫೋಟೋ ತೆಗೆದಿದ್ದು ಈ ಕಾರಿನದು. ನಾನು ಕೊಂಡಿದ್ದು ಈ ಕಾರನ್ನು. ಪಾಲಿಶ್ ನೆಪದಲ್ಲಿ ಸಂಜೆಯವರೆಗೆ ಇಟ್ಟುಕೊಂಡು ನಮ್ಮ ಮನೆಗೆ ಕಳಿಸಿದ್ದು ಇದೇ ನಂಬರ್ ಹಾಕಿದ ಬೇರೆ ಯಾವುದೋ ಕಾರನ್ನು.

"ಎಸೆಯೋಕೆ ಕೈ ಬರ್ಲಿಲ್ಲ ಅಕ್ಕ," ಎಂದ ಶಿವರಾಜ ನೆಲ ನೋಡುತ್ತಲೇ. "ಎಲ್ಲಾ ಮಾಡಿದೆ. ವಿಭೂತಿ ಎಸೆಯೋದೊಂದು ಆಗ್ಲಿಲ್ಲ."

"ಹಾಗಾದ್ರೆ ನಾನು ಮೂರು ವರ್ಷದಿಂದ ಓಡಿಸ್ತಿರೋದು ಯಾರ ಕಾರು?"

ಅವನು ಗೇಟಿನ ಕಡೆ ನೋಡಿದ.

"ಅದು ಕದ್ದ ಕಾರು. ನಾನೇ ಮಾರಿದ್ದು ಅಂತ ಅದರ ಯಜಮಾನನಿಗೆ ಗೊತ್ತಾಗೋಯ್ತು ಅಕ್ಕ. ನಿನ್ನೆ ಹೊಳೆಹೊನ್ನೂರಿಂದ ಅವನೇ ನನ್ನ ಬೆನ್ನು ಹತ್ತಿದ್ದ. ನಾನು ಓಡಿದ್ದು ಅದಕ್ಕೇ. ಎರಡನೇ ಕೀಲಿ ಕಳೆದುಹೋಗಿಲ್ಲ. ಅವನ ಹತ್ರಾನೇ ಇದೆ."

ಗೇಟಿನ ಹೊರಗೆ ಟರ್ಬೊ ಇಂಜಿನ್ನೊಂದು ಗುಟುರು ಹಾಕಿತು. ಮೂರು ವರ್ಷ ದಿನಾ ಬೆಳಿಗ್ಗೆ ಕೇಳಿದ ಸದ್ದು ಅದು, ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ನನ್ನ ಕೀಲಿ ಮಾತ್ರ ನನ್ನ ಮುಷ್ಟಿಯೊಳಗೇ ಇತ್ತು.